ಹೂಂ, ಕೊಟ್ಟೇವಿ

ಮುಂಡಗೋಡ
೨೦ ಆಗಸ್ಟ್ ೨೦೨೪

ಅನ್ನಪೂರ್ಣಾ ಸಿಸ್ಟರ್ ಅವರಿಗೆ,

ವಿಷಕ್ಕೆ ಮದ್ದು ಕೊಟ್ಟಾಗ ರೋಗಿ ಗಾಳಿಯಲ್ಲಿ ಏನನ್ನೋ ಹೆಕ್ಕತೊಡಗಿದರೆ ಗೆದ್ದೆವು ಎಂದು ತಿಳಿ, ಎಂದಿದ್ದಿರಿ. ಅದರ ಮುಂದೆ ಇನ್ನೂ ಏನೋ ಇತ್ತು. ನಿನ್ನೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ಅದನ್ನು ಹೇಳುವಾಗ ನೀವು ಯಾರದೋ ತಲೆಗೂದಲಿಗೆ ಸೋಪು ಹಚ್ಚುತ್ತಿದ್ದಿರಿ. ಉಳಿದರ್ಧ ಬಕೀಟಿನ ಸದ್ದಿನಲ್ಲಿ ಹೋಗಿರಬೇಕು.

ನಿನ್ನೆ ಸಂತೆ. ಸಂತೆಯ ದಿನ ನಮ್ಮ ಎಮರ್ಜೆನ್ಸಿ ಹೇಗಿರುತ್ತದೆಂದು ಇಲ್ಲೇ ನಿವೃತ್ತರಾದ ನಿಮಗೆ ಹೇಳಬೇಕಿಲ್ಲ. ಬೆಳಿಗ್ಗೆ ಚೇಳು ಕಡಿದ ಮುದುಕ. ಆಮೇಲೆ ಟೆಂಪೋ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡ ಹೆಂಗಸು, ಅವಳ ರಕ್ತ ನೋಡಿ ತಾನೇ ಕಲ್ಲಿನ ಮೇಲೆ ಬಿದ್ದ ಗಂಡ. ಕೊನೆಗೆ ಹೊಲಿಗೆ ಹೆಚ್ಚು ಬಿದ್ದದ್ದು ಗಂಡನಿಗೆ. ಅವಳು ಬ್ಯಾಂಡೇಜಿನ ಕೈಯಿಂದಲೇ ಅವನ ಹಣೆ ಹಿಡಿದುಕೊಂಡು, "ಇವರನ್ನ ಸಂತಿಗೆ ಕರಕೊಂಡು ಬಂದದ್ದ ತಪ್ಪಾತ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ. ಶಿವಲಿಂಗಪ್ಪ ಎಂಬ ರೈತರು ಟ್ರ್ಯಾಕ್ಟರಿನಲ್ಲಿ ಒಬ್ಬನನ್ನು ತಂದು ಇಳಿಸಿದರು. ಹೆಸರು ರೋಹಿದಾಸ, ಸಿದ್ದಿ ಜನ, ಚಿಗಳ್ಳಿ ಕಡೆಯ ಹಳ್ಳಿಯವನು. ಶಿವಲಿಂಗಪ್ಪನವರ ಗೋವಿನಜೋಳಕ್ಕೆ ಎಣ್ಣೆ ಹೊಡೆಯುತ್ತಿದ್ದವನು ರಸ್ತೆಯ ಬದಿ ಬಿದ್ದಿದ್ದನಂತೆ. ಬೆನ್ನಿನ ಪಂಪು ಸೋರಿ ಅಂಗಿಯೆಲ್ಲ ಕೀಟನಾಶಕದಲ್ಲಿ ನೆನೆದು ಮೈಗೆ ಅಂಟಿತ್ತು. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆಯಷ್ಟು, ಎದೆಯೊಳಗೆ ನೀರು ಕುದಿಯುವ ಸದ್ದು. ಅಂಗಿ ಕತ್ತರಿಸಿದೆ, ತೊಳೆದೆ, ಮತ್ತೆ ತೊಳೆದೆ. ಡಾಕ್ಟರು ಅಟ್ರೊಪಿನ್ ಹೇಳುತ್ತಾ ಹೋದರು, ನಾನು ಕೊಡುತ್ತಾ ಹೋದೆ. ನೀವು ಕಲಿಸಿದಂತೆ ಕಂಕುಳಿಗೆ ಕೈ ಇಟ್ಟು ನೋಡುತ್ತಿದ್ದೆ. ಬೆವರು ನಿಂತಿತು. ಎದೆ ಒಣಗಿತು. ಪಾಪೆ ಅಗಲವಾಯಿತು. ಆಮೇಲೆ ನೀವು ಹೇಳಿದ ಆ ಹೆಕ್ಕಾಟ.

ಅಟ್ರೊಪಿನ್ ತಲೆಗೇರಿದ ಮೇಲೆ ಅವನು ಆಡಿದ ಮಾತು ನೀವು ಕೇಳಬೇಕಿತ್ತು.

"ಸಿಸ್ಟರ್, ಫ್ಯಾನ್ ಮ್ಯಾಲ ಕೋಳಿ ಕುಂತೈತಿ, ಇಳಸ್ರಿ. ತಲಿ ತಿರಗಿ ಬಿದ್ದೀತು."

"ಇಳಸೇವಿ."

"ಆಡು ಯಾಕ ಒಳಗ ಬಿಟ್ಟೀರಿ?"

"ಹೊರಗ ಹೊಡದೇವಿ. ನೀ ಮಲಕೋ."

"ಬಾಳ್ಯಾ ಮತ್ತಿ ಗಿಡದ ಬುಡಕ ಕುಂತಾನ್ರಿ. ನೀರು ಕೇಳ್ಯಾನ. ನಾ ಕೊಟ್ಟಿಲ್ಲ."

"ಹೂಂ, ಕೊಟ್ಟೇವಿ. ಕುಡದ, ಮಲಗ್ಯಾನ."

ಈ ಕೊನೆಯದನ್ನೇ ಹಿಡಿದುಕೊಂಡಿದ್ದ. ಕೋಳಿ ಇಳಿಯಿತು, ಆಡು ಹೋಯಿತು, ನೀರಿನದು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ನಾನೂ ಅಷ್ಟೇ ಸಲ ಹೂಂ ಅಂದೆ. ಹುಬ್ಬಳ್ಳಿಯಲ್ಲಿ ಐಸಿಯು ಕೆಲಸ ಮಾಡಿ ಬಂದಿರುವ ನಮ್ಮ ಬ್ರದರ್ ಕಿರಣಕುಮಾರ, "ಬಾಳ್ಯಾ ಅಂದ್ರ ಯಾರ್ರಿ ಸಿಸ್ಟರ್?" ಎಂದ. "ಆ ಕೋಳಿ ಮಾಲಕ" ಎಂದೆ. ಡ್ರಿಪ್ ಸ್ಟ್ಯಾಂಡ್ ಹಿಡಿದುಕೊಂಡು ನಕ್ಕ. ಕೊನೆಗೆ ರೋಹಿದಾಸ ನನ್ನ ಮುಖ ನೋಡಿ, "ಕುಡದ್ನಾ?" ಎಂದು ಕೇಳಿದ. ಕುಡಿದ ಎಂದೆ. ಅಷ್ಟಕ್ಕೆ ಸುಮ್ಮನಾಗಿ ಮಲಗಿದ. ಉಳಿದುಕೊಂಡ.

ಇದನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಮೊಣಕಾಲು ಹೇಗಿದೆ?

ನಿಮ್ಮ
ನಿರ್ಮಲಾ


ಮುಂಡಗೋಡ
೨೨ ಆಗಸ್ಟ್

ಸಿಸ್ಟರ್,

ಬಾಳ್ಯಾ ಎಂದರೆ ಬಾಳೇಶ. ಒಬ್ಬ ಮನುಷ್ಯ.

ಮೊನ್ನೆ ಸಂಜೆ ತಂದರು. ಇನ್ನು ಮಾಡುವುದೇನೂ ಇಲ್ಲವೆಂದು ಗೊತ್ತಿದ್ದರೂ ಜನ ಮೊದಲು ನಮ್ಮ ಬಾಗಿಲಿಗೇ ತರುತ್ತಾರಲ್ಲ, ಹಾಗೆ. ಹಳ್ಳದ ಆಚೆ ಮತ್ತಿ ಮರದ ಬುಡದಲ್ಲಿ ಕುಳಿತೇ ಇದ್ದನಂತೆ. ಚಾದರ ತೆಗೆಯುವ ಮೊದಲೇ ಅದೇ ವಾಸನೆ ಬಂತು, ರೋಹಿದಾಸನ ಅಂಗಿಯದು.

ಶಿವಲಿಂಗಪ್ಪನವರು ಗೋಡೆಗೆ ಒರಗಿ ನಿಂತಿದ್ದರು. "ಇಬ್ರೂ ಕೂಡೇ ಹೊಡೀತಿದ್ರರಿ. ಮುಗಿಸಿ ಸಂತಿಗೆ ಹೋಗ್ತೇನಿ ಅಂದಿದ್ದ ಇವ. ಹೋಗ್ಯಾನ ಅಂತ ನಾ ತಿಳದೆ. ಮನ್ಯಾಗಿನವ್ರು ದವಾಖಾನ್ಯಾಗ ಗೆಳೆಯನ ಹತ್ರ ಅದಾನ ಅಂತ ತಿಳದ್ರು."

ಕಿರಣಕುಮಾರ ಬರೆದುಕೊಳ್ಳಲು ಹೆಸರು ಕೇಳಿದ. ಬಾಳೇಶ ಎಂದರು. ಅವನು ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

ನಾನು ಡಾಕ್ಟರಿಗೆ ಹೇಳಿದೆ. ರೋಹಿದಾಸ ಹೇಳಿದ್ದ ಸರ್, ಮರದ ಹೆಸರನ್ನೂ ಹೇಳಿದ್ದ, ಎಂದೆ. "ಅಟ್ರೊಪಿನ್ ಮ್ಯಾಲಿದ್ದವನ ಮಾತು ಯಾರು ಕೇಳ್ತಾರ ಸಿಸ್ಟರ್" ಎಂದು ಕೈ ತೊಳೆಯಲು ಹೋದರು. ಬಹಳ ಹೊತ್ತು ನಲ್ಲಿ ಹರಿಯುತ್ತಿತ್ತು. ಆವತ್ತು ಮಧ್ಯಾಹ್ನವೇ ಹೋಗಿದ್ದರೆ ಬದುಕುತ್ತಿದ್ದನೇ ಎಂದು ಕೇಳಿದೆ. ಹೇಳಲಾಗದು ಎಂದರು. ಬದುಕುತ್ತಿರಲಿಲ್ಲ ಎನ್ನಲಿಲ್ಲ.

ಎಲ್ಲ ಕೆಲಸವನ್ನೂ ಮೊದಲಿನಂತೆಯೇ ಮಾಡುತ್ತಿದ್ದೇನೆ. ಅದೇ ವಿಚಿತ್ರ. ಸೂಜಿ ಸರಿಯಾಗಿಯೇ ಹೋಗುತ್ತಿದೆ.

ನಿರ್ಮಲಾ


ಜೋಯಿಡಾ
೨೪ ಆಗಸ್ಟ್

ಪ್ರೀತಿಯ ನಿರ್ಮಲಾ,

ನಿನ್ನ ಇಪ್ಪತ್ತನೆಯ ತಾರೀಖಿನ ಪತ್ರವನ್ನು ಬಸ್ಸಿನ ಕಂಡಕ್ಟರ್ ತಂದುಕೊಟ್ಟ. ಇಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು, ಮೊಣಕಾಲು ಒಪ್ಪುವುದಿಲ್ಲ. ಹೀಗಾಗಿ ಕಾಗದವೇ ಗತಿ, ಅದೂ ಒಳ್ಳೆಯದೇ. ಫೋನಿನಲ್ಲಾದರೆ ನೀನು ಇಷ್ಟು ಹೇಳುವವಳಲ್ಲ.

ಫ್ಯಾನಿನ ಮೇಲಿನ ಕೋಳಿಯ ಕಥೆಯನ್ನು ತಮ್ಮನ ಹೆಂಡತಿಗೆ ಕೊಂಕಣಿಯಲ್ಲಿ ಹೇಳಿದೆ. ಅವಳು ನಕ್ಕು ನಕ್ಕು ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಆ ವಾಕ್ಯದ ಉಳಿದರ್ಧ ನನಗೆ ನೆನಪಿದೆ: ಗೆದ್ದೆವು ಎಂದು ತಿಳಿ, ಆದರೆ ಕೈ ಬಿಡಬೇಡ. ನೀನು ಬಿಡಲಿಲ್ಲ. ಮೊದಮೊದಲು ನೀನು ಅಂಥ ರೋಗಿಗಳ ಜೊತೆ ವಾದಕ್ಕೆ ಇಳಿಯುತ್ತಿದ್ದೆ, "ಎಲ್ಲೈತಿ ಕೋಳಿ, ತೋರಸು" ಎಂದು. ವಾದ ಮಾಡಿದರೆ ಅವರು ಸೂಜಿ ಕಿತ್ತುಕೊಂಡು ಎದ್ದು ಓಡುತ್ತಾರೆ. ಹೂಂ ಎಂದರೆ ಮಲಗುತ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲ.

ಆ ಬಾಳ್ಯಾನಿಗೆ ನನ್ನ ಕಡೆಯಿಂದಲೂ ಒಂದು ತಂಬಿಗೆ ನೀರು ಕೊಡು.

ಆಶೀರ್ವಾದಗಳೊಂದಿಗೆ
ಅನ್ನಪೂರ್ಣಾ


ಜೋಯಿಡಾ
೩ ಸೆಪ್ಟೆಂಬರ್

ನಿರ್ಮಲಾ,

ನಿನ್ನ ಎರಡನೆಯ ಪತ್ರ ನಾನು ನನ್ನದನ್ನು ಕಳಿಸಿದ ಮೇಲೆ ಬಂತು. ನನ್ನದು ನಿನಗೆ ಮುಟ್ಟಿರುತ್ತದೆ. ಅದನ್ನು ವಾಪಸು ತರಿಸುವ ಉಪಾಯವಿದ್ದರೆ ತರಿಸುತ್ತಿದ್ದೆ.

ಓದಿ ಎದ್ದು ಒಲೆಯ ಮೇಲೆ ಪಾತ್ರೆ ಇಟ್ಟೆ. ಒಳಗೆ ಏನೂ ಹಾಕಿರಲಿಲ್ಲ ಎಂಬುದು ಪಾತ್ರೆ ಕೆಂಪಾದ ಮೇಲೆ ತಿಳಿಯಿತು.

ಈಗ ನಾನು ಹೇಳುವುದನ್ನು ಸಮಾಧಾನದಿಂದ ಓದು. ಆ ಹುಡುಗನಿಗೆ ಏನೂ ನೆನಪಿರುವುದಿಲ್ಲ. ಆ ಔಷಧಿ ಆ ಹೊತ್ತನ್ನು ಒರೆಸಿಬಿಡುತ್ತದೆ, ನೀನೇ ಎಷ್ಟು ಜನರನ್ನು ನೋಡಿದ್ದೀ. ಕಿರಣಕುಮಾರ ಮಾತಾಡುವುದಿಲ್ಲ, ಅವನೂ ನಕ್ಕಿದ್ದಾನೆ. ಡಾಕ್ಟರು ಮಾತಾಡುವುದಿಲ್ಲ. ಉಳಿದವಳು ನೀನು. ಹೊರಗೆ ಹೇಳಿದರೆ ಊರವರು ಎಮರ್ಜೆನ್ಸಿಯ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ. ಅದನ್ನೂ ತಾಳಬಹುದು. ಆದರೆ ನಾಳೆಯಿಂದ ಅಲ್ಲಿ ಯಾವ ನರ್ಸೂ ಭಯದಿಂದ ಹೂಂ ಅನ್ನುವುದಿಲ್ಲ. ರೋಗಿಯ ಕೈಕಾಲನ್ನು ಮಂಚಕ್ಕೆ ಕಟ್ಟುತ್ತಾರೆ. ಕಟ್ಟಿದ್ದನ್ನು ನಾನು ನೋಡಿದ್ದೇನೆ.

ಸತ್ತವನು ಹೋದ. ಬದುಕಿದವನು ಬದುಕಿದ್ದಾನೆ. ನೀನು ಕೆಲಸಕ್ಕೆ ಹೋಗು.

ಅನ್ನಪೂರ್ಣಾ


ಮುಂಡಗೋಡ
೧೯ ಸೆಪ್ಟೆಂಬರ್

ಅನ್ನಪೂರ್ಣಾ ಸಿಸ್ಟರ್ ಅವರಿಗೆ,

ಕೆಲಸಕ್ಕೆ ಹೋಗುತ್ತಿದ್ದೇನೆ. ಹೇಗೆ ಹೋಗುತ್ತಿದ್ದೇನೆಂದು ಹೇಳುತ್ತೇನೆ, ಕೇಳಿ.

ಕಳೆದ ವಾರ ಸಿದ್ದಕ್ಕ ಎಂಬ ಅಜ್ಜಿ ಜ್ವರದಲ್ಲಿ ಬಂದಳು. ಕನವರಿಸುತ್ತಾ, "ನನ್ನ ಎಮ್ಮಿ ಬಸ್ ಸ್ಟ್ಯಾಂಡಿನ್ಯಾಗ ಐತಿ, ಯಾರೂ ಹಿಡೀವಲ್ರು" ಎಂದಳು. ಹೂಂ ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಅವಳ ಮಗನನ್ನು ಕರೆದು ಊರಿಗೆ ಫೋನ್ ಹಚ್ಚಿಸಿದೆ. ಎಮ್ಮೆ ಕೊಟ್ಟಿಗೆಯಲ್ಲಿತ್ತು. ನನಗೆ ಸಾಲಲಿಲ್ಲ. ಕಿರಣಕುಮಾರನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದೆ. ಅವನು ಹೋಗಿ ನೋಡಿ ಬಂದ. "ಇಲ್ಲರಿ" ಎಂದ. ಅಜ್ಜಿಯ ಮಗ, "ಈಕಿಗೂ ಜ್ವರ ಬಂದಾವೇನು?" ಎಂದು ಪಕ್ಕದವನನ್ನು ಕೇಳುವುದು ಕೇಳಿಸಿತು.

ನಿನ್ನೆ ರೋಹಿದಾಸ ತೋರಿಸಿಕೊಳ್ಳಲು ಬಂದಿದ್ದ. ಹೆಂಡತಿ ನೀಲಂ ಜೊತೆಗಿದ್ದಳು. ಅವನ ಎದೆ ಚೆನ್ನಾಗಿದೆ. ಡಾಕ್ಟರು ಆಚೆ ಹೋದ ಮೇಲೆ ಸ್ಟೂಲಿನಿಂದ ಏಳಲಿಲ್ಲ.

"ಸಿಸ್ಟರ್, ಆವತ್ತು ನಾ ಇಲ್ಲಿ ಯಾರಿಗರ ಏನರ ಹೇಳಿದ್ನೇನ್ರಿ?"

"ಯಾಕ?"

"ಊರಾಗ ಎಲ್ಲಾರೂ ಅಂತಾರ, ನೀ ಒಬ್ಬವನ ಟ್ರ್ಯಾಕ್ಟರ್ ಹತ್ತಿದಿ, ಅವನ್ನ ಅಲ್ಲೇ ಬಿಟ್ಟಿ, ಒಂದು ಮಾತು ಹೇಳಲಿಲ್ಲ ಅಂತ. ಹಳ್ಳದ್ದು ರಾಡಿ ನೀರು, ನಾ ಕುಡಿಯೋ ನೀರು ತರಾಕ ಅಂತ ಹಳ್ಳ ದಾಟಿದ್ದು ನೆನಪೈತ್ರಿ. ಆಮ್ಯಾಲ ಏನೂ ಇಲ್ಲ. ಒಬ್ಬ ಹೆಣ್ಮಗಳು 'ಕುಡದ, ಮಲಗ್ಯಾನ' ಅಂದದ್ದಷ್ಟ ನೆನಪೈತಿ. ಅದು ಕನಸೋ ಏನೋ ತಿಳೀವಲ್ದು."

ನೀಲಂ ನಡುವೆ ಬಾಯಿ ಹಾಕಿದಳು. "ಬಾಳೇಶನ ಅವ್ವ ಮಾಲವ್ವ ಅಂತ ಅದಾಳ್ರಿ. ಇವರು ಸಣ್ಣವರಿದ್ದಾಗಿಂದ ಅವರ ಮನ್ಯಾಗ ಉಂಡಾವ್ರು. ಈಗ ಇವರು ಆ ಓಣ್ಯಾಗ ಹೋದ್ರ ಬಾಗಲಾ ಹಾಕ್ಕೋತಾಳ. ಮಾತಾಡಿ ಬೈದ್ರ ಆಗತಿತ್ತು. ಇವರು ಎರಡು ಹೊತ್ತೂ ಉಣ್ಣಾಕ ಒಲ್ಲೆ ಅಂತಾರ. ಯಾರಿಗರ ಹೇಳಿದ್ರು ಅಂತ ಗೊತ್ತಾದ್ರ, ಆ ಮುದುಕಿ ಮುಂದ ಹೋಗಿ ನಿಂದ್ರತಾರ್ರಿ."

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅವನು ನನ್ನ ಧ್ವನಿಯನ್ನು ಗುರುತಿಸಲು ಯತ್ನಿಸುತ್ತಿದ್ದಾನೆ ಅನಿಸಿತು. ಆದಷ್ಟು ಸಣ್ಣ ದನಿಯಲ್ಲಿ, "ಆವತ್ತು ನೀ ಭಾಳ ಮಾತಾಡಿದಿ. ಎಲ್ಲಾ ತಿಳೀಲಿಲ್ಲ" ಎಂದೆ.

ಸುಳ್ಳಲ್ಲ. ನನಗೆ ತಿಳಿಯಲಿಲ್ಲ ಎಂಬುದು ನಿಜವೇ. ಆ ವಾಕ್ಯವನ್ನು ನನ್ನ ಬಾಯಿ ಎಷ್ಟು ಚೊಕ್ಕವಾಗಿ ಜೋಡಿಸಿತೆಂದು ಇವತ್ತಿನವರೆಗೂ ನೋಡುತ್ತಾ ಕುಳಿತಿದ್ದೇನೆ. ಅವನು ತಲೆ ಆಡಿಸಿದ. ಎದ್ದು ಹೋಗುವಾಗ ಸ್ಟೂಲನ್ನು ಮೇಜಿನ ಕೆಳಗೆ ಸರಿಸಿ ಇಟ್ಟ.

ನೆನಪಿರುವುದಿಲ್ಲ ಎಂದಿರಿ. ಅವನಿಗೆ ಉಳಿದಿರುವುದು ನನ್ನ ಮಾತೊಂದೇ, ಸಿಸ್ಟರ್. ಅವನದನ್ನೆಲ್ಲ ಔಷಧಿ ಒರೆಸಿತು, ನನ್ನದನ್ನು ಬಿಟ್ಟಿತು.

ನಿರ್ಮಲಾ


ಜೋಯಿಡಾ
೭ ಅಕ್ಟೋಬರ್

ನಿರ್ಮಲಾ,

ನಾನು ಹೇಳುವುದನ್ನು ಹೇಳಿಯಾಗಿದೆ.

ಇಲ್ಲಿ ಮಳೆ ಬಿಟ್ಟಿದೆ. ತಮ್ಮ ಭತ್ತಕ್ಕೆ ಎಣ್ಣೆ ಹೊಡೆಯಲು ಆಳು ಕರೆಸಿದ್ದ. ಕೆಲಸ ಮುಗಿಯುವವರೆಗೂ ಕಟ್ಟೆಯ ಮೇಲೆ ಕುಳಿತಿದ್ದೆ. "ಅಕ್ಕಾ, ಒಳಗೆ ಹೋಗು, ವಾಸನೆ" ಎಂದ ತಮ್ಮ. ಹೋಗಲಿಲ್ಲ. ಇಬ್ಬರಿದ್ದರು. ಇಬ್ಬರೂ ಕೈಕಾಲು ತೊಳೆದು ದಾರಿ ಹಿಡಿಯುವುದನ್ನು ನೋಡಿದ ಮೇಲೆ ಎದ್ದೆ.

ನೀನು ಹೇಳುತ್ತೀ ಎಂದು ನನಗೆ ಗೊತ್ತು. ಹೇಳಿದರೆ, ಇದನ್ನು ಯಾರು ಕಲಿಸಿದರು ಎಂದು ಅವರು ಕೇಳಿದರೆ, ನನ್ನ ಹೆಸರನ್ನೂ ಹೇಳು. ನನ್ನನ್ನು ಉಳಿಸಲು ಹೋಗಬೇಡ.

ಅನ್ನಪೂರ್ಣಾ


ಮುಂಡಗೋಡ
೧೧ ನವೆಂಬರ್

ಅನ್ನಪೂರ್ಣಾ ಸಿಸ್ಟರ್ ಅವರಿಗೆ,

ನಿಮ್ಮ ಹೆಸರನ್ನು ಯಾರೂ ಕೇಳಲಿಲ್ಲ.

ಹೋಗಲು ಇಷ್ಟು ತಡವಾದದ್ದಕ್ಕೆ ಕಾರಣ ಹುಡುಕುತ್ತಾ ಕೂತರೆ ಡ್ಯೂಟಿ, ದಸರೆ, ದೀಪಾವಳಿ ಎಲ್ಲವೂ ಸಿಗುತ್ತವೆ. ನಿನ್ನೆ ಬಸ್ ಹತ್ತಿದೆ. ಮೊದಲು ರೋಹಿದಾಸನ ಮನೆಗೆ ಹೋದೆ. ಅವನು ಇರಲಿಲ್ಲ. ದೀಪಾವಳಿಗೂ ಮೊದಲೇ ಊರು ಬಿಟ್ಟಿದ್ದಾನೆ. ನಿಮ್ಮ ಜೋಯಿಡಾ ಕಡೆಯ ರಾಮನಗರದಲ್ಲಿ ಯಾವುದೋ ಗೋದಾಮಿನಲ್ಲಿ ಗೋವೆಯ ಲಾರಿಗಳಿಗೆ ಮೂಟೆ ಹೊರುತ್ತಾನಂತೆ. ನೀಲಂ ಫೋನ್ ಮಾಡಿದರೆ ಎತ್ತುವುದಿಲ್ಲ.

"ನೀವು ಆವತ್ತ ಹೇಳಿದ್ರ ಹೋಗತಿದ್ದಿಲ್ಲರಿ ಅವ್ರು" ಎಂದಳು, ನಾನು ಎಲ್ಲ ಹೇಳಿದ ಮೇಲೆ. ಸಿಟ್ಟಿನಿಂದಲ್ಲ, ಬಸ್ ತಪ್ಪಿದ ಹೊತ್ತನ್ನು ಹೇಳುವ ಹಾಗೆ. ಆಮೇಲೆ ಸೆರಗು ಕೊಡವಿ, "ಮಾಲವ್ವನ ಮುಂದ ಹೇಳ್ತೀರಿ? ನಡೀರಿ ಹಂಗಾರ" ಎಂದಳು.

ಮಾಲವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ನೀಲಂ ಬೇಲಿಯ ಹೊರಗೇ ನಿಂತಳು. ನಾನು ಒಬ್ಬಳೇ ಒಳಗೆ ಹೋಗಿ ಯಾರೆಂದು ಹೇಳಿದೆ, ರೋಹಿದಾಸ ಮಂಚದ ಮೇಲೆ ಏನೆಂದ, ನಾನು ಏನೆಂದೆ ಎಂದು ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕಾಳು ಉದುರುತ್ತಿದ್ದವು.

"ಇನ್ನೊಮ್ಮೆ ಹೇಳು."

"ಬಾಳ್ಯಾ ಮತ್ತಿ ಗಿಡದ ಬುಡಕ ಕುಂತಾನ. ನೀರು ಕೇಳ್ಯಾನ. ನಾ ಕೊಟ್ಟಿಲ್ಲ."

"ಎಷ್ಟು ಸಲ ಅಂದ?"

"ಭಾಳ ಸಲ."

"ನೀ ಹೂಂ ಅಂದಿ."

"ಹೂಂ ಅಂದೆ."

ಇಬ್ಬರೂ ಆ ಶಬ್ದವನ್ನು ಕೇಳಿದೆವು. ತೆನೆ ಮೊರದಲ್ಲಿಟ್ಟಳು.

"ನನ್ನ ಮಗಾ ನೀರು ಕೇಳ್ಯಾನ ಅಂತ ಒಬ್ಬಾವ ಸಾಯೋ ಹೊತ್ತಿನ್ಯಾಗ ಬಡಕೋತಿದ್ದ. ನೀ ಅವನ ಬಾಯಿ ಮುಚ್ಚಿದಿ. ನಾ ಅವಗ ಬಾಗಲಾ ಮುಚ್ಚಿದೆ."

ನಾನು ಏನೋ ಹೇಳಲು ಹೋದೆ. ಅವಳು ಕೇಳಲಿಲ್ಲ. ಬೇಲಿಯ ಕಡೆ ತಿರುಗಿ, "ಏ ನೀಲಂ, ಅಲ್ಲೇನ್ ನಿಂತಿ, ಬಿಸಲಾಗ? ಒಳಗ ಬಾ" ಎಂದಳು. ನೀಲಂ ಬಂದು ಕಂಬದ ಹತ್ತಿರ ಕುಳಿತಳು. ಮಾಲವ್ವ ಅವಳ ಮುಂದೆ ಒಂದು ಪುಟ್ಟಿ ತೆನೆ ಸರಿಸಿದಳು. ಇಬ್ಬರೂ ಬಿಡಿಸತೊಡಗಿದರು. ನನಗೆ ಕುಳಿತುಕೋ ಎನ್ನಲಿಲ್ಲ, ಹೋಗು ಎಂದೂ ಬಹಳ ಹೊತ್ತು ಎನ್ನಲಿಲ್ಲ. ಕೊನೆಗೆ ತಲೆ ಎತ್ತದೆ, "ನೀ ಇನ್ನ ನಡಿ. ದವಾಖಾನ್ಯಾಗ ಮಂದಿ ಇರ್ತಾರ" ಎಂದಳು.

ಬೇಲಿ ದಾಟುವಾಗ ಮತ್ತೆ ಕೂಗಿದಳು. "ಅವಗ ನೀನ ತಿಳಸು. ಮಾಲವ್ವ ಹೇಳಿ ಕಳಿಸ್ಯಾಳ ಅನಬ್ಯಾಡ. ನೀ ಕೇಳಿದ್ದು ನೀ ಹೇಳು. ಬರೂದು ಬಿಡೂದು ಅವಂದು."

ಇವತ್ತು ಡ್ಯೂಟಿಯಲ್ಲಿ ಒಬ್ಬ ಗಾರೆ ಕೆಲಸದವನು ಮೇಲಿಂದ ಬಿದ್ದು ಬಂದ. "ನನ್ನ ಕಾಲು ಎಲ್ಲೈತಿ?" ಎಂದು ಕೇಳಿದ. ಇಲ್ಲೇ ಐತಿ ಎಂದು ಅವನ ಕೈಯನ್ನೇ ಹಿಡಿದು ಮುಟ್ಟಿಸಿದೆ. ಆಮೇಲೆ ಸೂಜಿ ಎರಡು ಸಲ ತಪ್ಪಿತು, ಸಿಸ್ಟರ್. ಕಿರಣಕುಮಾರ ಸೂಜಿ ತೆಗೆದುಕೊಂಡ.

ನಿಮ್ಮ
ನಿರ್ಮಲಾ


ಮುಂಡಗೋಡ
೧೬ ನವೆಂಬರ್

ರೋಹಿದಾಸನಿಗೆ,

ನಾನು ನಿರ್ಮಲಾ, ಎಮರ್ಜೆನ್ಸಿಯ ಸಿಸ್ಟರ್. ನೀನು ಏಳನೆಯವರೆಗೆ ಕನ್ನಡ ಶಾಲೆಗೆ ಹೋಗಿದ್ದೀ, ಕಾಗದ ಬಂದರೆ ಓದುತ್ತೀ ಎಂದು ನೀಲಂ ಹೇಳಿದಳು. ಗೋದಾಮಿನ ವಿಳಾಸ ಅವಳೇ ಕೊಟ್ಟದ್ದು.

ನೀನು ಕೇಳಿದ್ದಕ್ಕೆ ಆವತ್ತು ನಾನು ಉತ್ತರ ಕೊಡಲಿಲ್ಲ. ಉತ್ತರ ಇದು: ನೀನು ಹೇಳಿದ್ದೆ. ಬಾಳೇಶ ಎಲ್ಲಿ ಕುಳಿತಿದ್ದಾನೆ, ಏನು ಕೇಳಿದ, ಎರಡನ್ನೂ ಹೇಳಿದ್ದೆ. ಮತ್ತೆ ಮತ್ತೆ ಹೇಳಿದೆ. ಕೇಳಿಸಿಕೊಂಡವಳು ನಾನು. ಔಷಧಿ ತಲೆಗೇರಿದವರ ಮಾತಿಗೆ ನಾವು ಹೂಂ ಎನ್ನುತ್ತೇವೆ, ಅವರು ಮಲಗಲಿ ಎಂದು. ನೀನು ಕೋಳಿಯನ್ನೂ ಕಂಡಿದ್ದೆ, ಆಡನ್ನೂ ಕಂಡಿದ್ದೆ. ಬಾಳೇಶನನ್ನೂ ನಾನು ಅವುಗಳ ಜೊತೆ ಸೇರಿಸಿದೆ. 'ಕುಡಿದ, ಮಲಗಿದ್ದಾನೆ' ಎಂದದ್ದು ಕನಸಲ್ಲ. ಅದು ನನ್ನ ಧ್ವನಿ.

ಮಾಲವ್ವನಿಗೆ ಹೇಳಿದ್ದೇನೆ. ಶಿವಲಿಂಗಪ್ಪನವರಿಗೂ ಹೇಳಿದ್ದೇನೆ. ಅವರು ಅದನ್ನು ಊರಿಗೆಲ್ಲ ಹೇಳುವವರೇ. ನೀನು ಅವನನ್ನು ಬಿಟ್ಟು ಬರಲಿಲ್ಲ. ಅವನಿಗಾಗಿ ಹಳ್ಳ ದಾಟಿದೆ, ಅವನಿಗಾಗಿ ಬಿದ್ದೆ, ಬಿದ್ದಲ್ಲಿಂದಲೂ ಅವನದನ್ನೇ ಹೇಳಿದೆ.

ಬಾ ಎಂದು ಬರೆಯಲು ನಾನು ಯಾರು? ನೀಲಂ ಈಗ ಮಾಲವ್ವನ ಅಂಗಳಕ್ಕೆ ಹೋಗುತ್ತಾಳೆ. ಅಷ್ಟು ನಿನಗೆ ಗೊತ್ತಿರಲಿ.

ನಿರ್ಮಲಾ

ಸಹಿ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ನಿನಗೆ ಅದು ನೆನಪಿಲ್ಲವೆಂದು ಗೊತ್ತು, ಆದರೂ ಕೇಳಲು ಬೇರೆ ಯಾರೂ ಇಲ್ಲ. ಕೊನೆಯ ಸಲ ನಾನು ಕುಡಿದ ಎಂದಾಗ ನೀನು ನನ್ನ ಮುಖವನ್ನೇ ನೋಡಿದೆ, ಆಮೇಲೆ ಸುಮ್ಮನಾದೆ. ಆಗ ನೀನು ನನ್ನನ್ನು ನಂಬಿದೆಯಾ, ರೋಹಿದಾಸ, ಅಥವಾ ಇವಳಿಗೆ ಹೇಳಿ ಉಪಯೋಗವಿಲ್ಲ ಎಂದು ಬಿಟ್ಟುಬಿಟ್ಟೆಯಾ?